ನಲವತ್ತು ಜನರನ್ನು ಹೊಡೆಯುವ ಹೀರೊ ನಗಬೇಕಾ, ಬೇಡವಾ?

ಮೂರನೇ ಸಾಲು:

ಕಳೆದ ಭಾನುವಾರ ಮನೆಯಲ್ಲಿ ಕೆಜಿಎಫ್ ಎರಡನೇ ಭಾಗ ಮತ್ತೆ ಹಾಕಿದ್ದೆವು. ಅಕ್ಕನ ಮಗ ಜೊತೆಗಿದ್ದ, ಹನ್ನೊಂದು ವರ್ಷ. ಪೊಲೀಸ್ ಸ್ಟೇಷನ್ ಸೀನ್ ಬಂತು. ಗೊತ್ತಲ್ಲ, ಹೀರೊ ರಾಕಿ ದೊಡ್ಡಮ್ಮ ಅನ್ನುವ ಮಷಿನ್ ಗನ್ನನ್ನು ಮುಂದೆ ಇಟ್ಟುಕೊಂಡು ಸ್ಟೇಷನ್ ಗೋಡೆ, ಜೀಪು, ಎಲ್ಲವನ್ನೂ ಜಾಲರಿ ಮಾಡುವುದು. ಹುಡುಗ ಕಿಸಕ್ಕನೆ ನಕ್ಕ. "ಮಾಮ, ಇಷ್ಟು ಗುಂಡು ಎಲ್ಲಿಂದ ಬಂತು? ಮುಗಿಯೋದೇ ಇಲ್ವಾ?" ನಾನೂ ನಕ್ಕೆ. ಆಮೇಲೆ ಸದ್ದು ನಿಂತಿತು. ಗನ್ನಿನ ನಳಿಗೆ ಕಾದು ಕೆಂಪಾಗಿದೆ. ರಾಕಿ ಬಗ್ಗಿ ಅದಕ್ಕೆ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಹುಡುಗ ಗಪ್‌ಚುಪ್. ಚಿಪ್ಸ್ ಪ್ಯಾಕೆಟ್ಟಿನೊಳಗೆ ಹೋದ ಕೈ ಹೊರಗೆ ಬರಲೇ ಇಲ್ಲ.

ಆ ನಗುವಿಗೂ ಈ ಮೌನಕ್ಕೂ ನಡುವೆ ಹೆಚ್ಚು ಹೊತ್ತೇನೂ ಆಗಿರಲಿಲ್ಲ. ಅಷ್ಟರಲ್ಲಿ ಸಿನಿಮಾ ಯಾರಿಗೂ ಗುಂಡಿನ ಲೆಕ್ಕ ಕೊಡಲಿಲ್ಲ. ಲಾಜಿಕ್ ಮೊದಲು ಎಷ್ಟು ಇರಲಿಲ್ಲವೋ ಆಮೇಲೂ ಅಷ್ಟೇ ಇರಲಿಲ್ಲ. ಆದರೆ ಅದು ತಾನು ಮಾಡಿದ್ದನ್ನು ತಾನು ನಂಬಿತು. ಅದೇ ಜಾಗದಲ್ಲಿ ರಾಕಿ ನಮ್ಮ ಕಡೆ ತಿರುಗಿ ಕಣ್ಣು ಹೊಡೆದಿದ್ದರೆ, ಇಲ್ಲವೇ ಪಕ್ಕದಲ್ಲಿ ಒಬ್ಬ ಕಾಮಿಡಿಯವನು "ಏನ್ ಬಿಲ್ಡಪ್ಪು ಗುರೂ" ಅಂದಿದ್ದರೆ, ನಮ್ಮ ಹುಡುಗ ಚಿಪ್ಸ್ ತಿನ್ನುತ್ತಲೇ ಇರುತ್ತಿದ್ದ.

ಈಗೀಗ ಬಹಳ ಸಿನಿಮಾಗಳಿಗೆ ಈ ಕಾಯಿಲೆ ಅಂಟಿದೆ. ನಲವತ್ತು ಜನರನ್ನು ಗಾಳಿಯಲ್ಲಿ ಹಾರಿಸುತ್ತಾರೆ, ಆಮೇಲೆ ಇದು ಓವರ್ ಅಂತ ನಮಗೂ ಗೊತ್ತು ಎಂದು ತಾವೇ ಹಲ್ಲು ಕಿರಿಯುತ್ತಾರೆ. ಗಾಜು ಒಡೆಯುವ ಮೊದಲೇ ಸಾರಿ ಕೇಳುವ ಹುಡುಗರ ಹಾಗೆ. ಅಯ್ಯೋ, ನಾನು ದುಡ್ಡು ಕೊಟ್ಟು ಬಂದಿರುವುದೇ ಓವರ್ ನೋಡೋಕೆ. ನೀವು ಯಾಕೆ ನಾಚಿಕೊಳ್ಳುತ್ತೀರಿ?

ಸಿನಿಮಾ ಎಷ್ಟು ಬೇಕಾದರೂ ಹುಚ್ಚಾಗಿರಲಿ, ಒಳಗಿರುವವರು ಮಾತ್ರ ನಗಬಾರದು ಅನ್ನುವುದು ನನ್ನ ಮಾತು. ನೀವೇನಂತೀರಿ?

ಬಾಲ್ಕನಿ ಟಿಕೆಟ್:

ಒಪ್ಪಲ್ಲ ಸರ್. ಕೆಜಿಎಫ್ ಗೆದ್ದಿತು ಅಂತ ಅದರ ಬೆನ್ನಿಗೆ ಬಂದ ಮೆರವಣಿಗೆ ನೋಡಿದ್ದೀರಲ್ಲ. ಮಸಿ ಬಳಿದಂಥ ಫ್ರೇಮು. ಹೀರೊ, ವಿಲನ್, ಲಾಯರ್, ಟೀ ಅಂಗಡಿಯವನು, ಎಲ್ಲರಿಗೂ ಒಂದೇ ಅಳತೆಯ ಗಡ್ಡ. ಹಿಂದಿನಿಂದ ಒಂದು ಗಡಸು ದನಿ, "ಆ ದಿನ ಸಮುದ್ರಕ್ಕೂ ಭಯ ಆಯ್ತು" ಅಂತ ಏನೋ ಒಂದು. 2023ರಲ್ಲಿ ಕಬ್ಜ ಬಂದಾಗ ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಕೆಜಿಎಫ್ ಜೊತೆ ಹೋಲಿಸುವುದೇ ಮಾತಾಗಿತ್ತು. ಅದೊಂದೇ ಅಲ್ಲ, ಇನ್ನೂ ಎಷ್ಟೋ ಬಂದವು. ಯಾವುದರಲ್ಲೂ ಒಬ್ಬನೂ ನಗುವುದಿಲ್ಲ. ಮೂರು ಗಂಟೆ ಸಾವಿನ ಮನೆಯಲ್ಲಿ ಕೂತು ಬಂದ ಹಾಗೆ ಆಗುತ್ತದೆ.

ಗಂಭೀರವಾಗಿದ್ದರೆ ಸಾಕು ಅನ್ನುವುದಾದರೆ ಇವೆಲ್ಲ ಗೆಲ್ಲಬೇಕಿತ್ತು ಅಲ್ವಾ? ಅವನೇ ಶ್ರೀಮನ್ನಾರಾಯಣದಲ್ಲಿ ರಕ್ಷಿತ್ ಶೆಟ್ಟಿ ಪೊಲೀಸ್, ಆದರೆ ಇಡೀ ಸಿನಿಮಾ ತಮಾಷೆ ಮಾಡಿಕೊಂಡೇ ಓಡಾಡುತ್ತಾನೆ. ಕೌಬಾಯ್ ಬಾರು, ಅಮರಾವತಿ ಅನ್ನುವ ಕಲ್ಪನೆಯ ಊರು. 2019ರಲ್ಲಿ ನಾನು ಎರಡು ಸಲ ನೋಡಿದೆ. ನನಗೆ ಅಂಥದ್ದೇ ಬೇಕು. ನಾನೂ ನಗುತ್ತೇನೆ, ಅವನೂ ನಗುತ್ತಾನೆ, ಲೆಕ್ಕ ಚುಕ್ತಾ.

ಚೌಕಿಮನೆ:

ನಮ್ಮದು ಕುಂದಾಪುರದ ಕಡೆ, ಆದರೆ ಅಜ್ಜನ ಮನೆ ಪುತ್ತೂರು. ಹಾಗಾಗಿ ಯಕ್ಷಗಾನದ ಬಡಗು, ತೆಂಕು ಎರಡೂ ಶೈಲಿ ನೋಡಿ ಬೆಳೆದವನು. ಈ ಚರ್ಚೆ ಯಕ್ಷಗಾನದವರಿಗೆ ಹಳೇದು ಮಾರಾಯ್ರೆ.

ತೆಂಕಿನಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ರಂಗಕ್ಕೆ ಬರುವುದು ನೋಡಿದ್ದೀರಾ? ನಡುರಾತ್ರಿ ಕಳೆದಿರುತ್ತದೆ. ಅರ್ಧ ಜನ ಚಾಪೆಯ ಮೇಲೆ ನಿದ್ದೆ. ಇಬ್ಬರು ತೆರೆ ಹಿಡಿದು ನಿಂತಿರುತ್ತಾರೆ. ಮೊದಲು ಮುಖ ಕಾಣಿಸುವುದಿಲ್ಲ, ಆರ್ಭಟೆ ಮಾತ್ರ ಕೇಳುತ್ತದೆ. ಚೆಂಡೆ ಬಿಡುವುದೇ ಇಲ್ಲ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ ಅಂತ ಬೆಂಕಿ. ತೆರೆಯ ಮೇಲಿನಿಂದ ಕಿರೀಟದ ತುದಿ, ಆಮೇಲೆ ಕಣ್ಣು, ಮತ್ತೆ ಮರೆ. ಹೀಗೆ ಎಷ್ಟು ಹೊತ್ತು ಬೇಕಾದರೂ ಆಟ ಆಡಿಸುತ್ತಾರೆ. ನಿಮ್ಮ ಹೀರೊ ಎಂಟ್ರಿ, ಕಾಲು ತೋರಿಸಿ, ಕೈ ತೋರಿಸಿ, ಆಮೇಲೆ ಮುಖ ತೋರಿಸುವುದು, ಅದು ಇದೇ. ನಾನು ಚಿಕ್ಕವನಿದ್ದಾಗ ಅಜ್ಜಿಯ ಸೆರಗಿನೊಳಗೆ ತಲೆ ತೂರಿಸಿದ್ದೆ.

ಒಮ್ಮೆ ಹಗಲು ಹೊತ್ತು ಮುಗಿಯುವಾಗ ವೇಷ ಕಟ್ಟುವ ಚೌಕಿಗೆ ಹೋಗಿದ್ದೆ. ಅದೇ ವೇಷಧಾರಿ ಕನ್ನಡಿ ಮುಂದೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯಲ್ಲಿ ತೆಗೆದು ಮುಖದ ಮೇಲೆ ಚುಟ್ಟಿ ಇಡುತ್ತಿದ್ದರು. ಒಂದೊಂದೇ ಮುಳ್ಳಿನ ಹಾಗೆ. ಒಂದು ಕೆನ್ನೆ ರಾಕ್ಷಸ ಆಗಿತ್ತು, ಇನ್ನೊಂದು ಕೆನ್ನೆ ಇನ್ನೂ ಮನುಷ್ಯನದು. ಗಂಟೆಗಟ್ಟಲೆ ಮುಖ ಅಲ್ಲಾಡಿಸುವ ಹಾಗಿಲ್ಲ. ಯಾರೋ ಬಂದು ಏನೋ ಜೋಕ್ ಹೇಳಿದರು. ಅವರು ಕೈ ಅಡ್ಡ ಹಿಡಿದು ಆಮೇಲೆ ಅಂದರು. ನಕ್ಕರೆ ಚುಟ್ಟಿ ಉದುರುತ್ತದೆ!

ನಗಿಸಲಿಕ್ಕೆ ಹಾಸ್ಯಗಾರ ಬೇರೆ ಇರುತ್ತಾನೆ. ಅವನು ಭಾಗವತರ ಹತ್ತಿರ ಊರಿನ ರಸ್ತೆಗುಂಡಿಯ ಬಗ್ಗೆ ಬೇಕಾದರೂ ಮಾತಾಡಬಹುದು. ಮಹಿಷಾಸುರ ಮಾತಾಡುವ ಹಾಗಿಲ್ಲ. ಇಬ್ಬರಿಗೂ ಬೇರೆ ಬೇರೆ ಕೆಲಸ. ಇಬ್ಬರ ಕೆಲಸವನ್ನೂ ಒಬ್ಬನಿಗೇ ಹಚ್ಚಿದರೆ ಆಟ ಕೆಡುತ್ತದೆ.

ಹಳೆಗನ್ನಡ ಮೇಷ್ಟ್ರು:

ಚೌಕಿಮನೆಯವರು ಬಾಗಿಲು ತೆರೆದರು, ನಾನೂ ನುಗ್ಗುತ್ತೇನೆ. ಬಿಲ್ಡಪ್ ನಮಗೆ ಸಾವಿರ ವರ್ಷ ಹಳೇ ಸಾಮಾನು. ರನ್ನನ ಗದಾಯುದ್ಧ ತೆಗೆಯಿರಿ. ಸೈನ್ಯವೆಲ್ಲ ಸತ್ತು ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿ ಕೂತಿದ್ದಾನೆ. ಭೀಮ ದಡದಲ್ಲಿ ನಿಂತು ಗರ್ಜಿಸುತ್ತಾನೆ. ಆಗ ರನ್ನ ಹೇಳುತ್ತಾನೆ, "ನೀರೊಳಗಿರ್ದುಂ ಬೆಮರ್ತನುರಗಪತಾಕಂ". ಹಾವಿನ ಬಾವುಟದವನು ನೀರಿನ ಒಳಗಿದ್ದೂ ಬೆವತ!

ಯಾವ ಡೈಲಾಗ್ ರೈಟರ್ ಇದನ್ನು ಮೀರಿಸುತ್ತಾನೆ ಹೇಳಿ. ನೀರಿನೊಳಗೆ ಬೆವರು ಹೇಗೆ ಕಂಡಿತು ಸ್ವಾಮಿ ಅಂತ ಕೇಳಿದರೆ ಮುಗಿಯಿತು. ಇನ್ನೊಂದು ವಿಷಯ. ಆ ಕಾವ್ಯದ ಇನ್ನೊಂದು ಹೆಸರು ಸಾಹಸಭೀಮ ವಿಜಯ. ತನಗೆ ಆಶ್ರಯ ಕೊಟ್ಟ ಚಾಲುಕ್ಯರ ಸತ್ಯಾಶ್ರಯನನ್ನೇ ಭೀಮನ ಜಾಗದಲ್ಲಿಟ್ಟು ಬರೆದದ್ದು. ಅಂದರೆ ಅಪ್ಪಟ ಫ್ಯಾನ್ ಸಿನಿಮಾ.

ಪಿಯುಸಿ ಮಕ್ಕಳಿಗೆ ಪಾಠ ಮಾಡುವಾಗ ಪ್ರತಿ ವರ್ಷ ಈ ಸಾಲಿಗೆ ಹಿಂದಿನ ಬೆಂಚಿನಿಂದ ನಗು ಬರುತ್ತದೆ. ನಾನು ಬೈಯುವುದಿಲ್ಲ. ಪುಸ್ತಕ ಮುಚ್ಚಿ ಇಡೀ ಪದ್ಯವನ್ನು ಇನ್ನೊಮ್ಮೆ ಜೋರಾಗಿ ಹೇಳುತ್ತೇನೆ, ಆ ರವಮಂ ನಿರ್ಜಿತ ಕಂಠೀರವಮಂ ಅಂತ ಶುರು ಮಾಡಿ. ರವ, ರವ, ರವ ಅಂತ ಒಂದರ ಮೇಲೊಂದು ಬಂದು ಬೀಳುತ್ತದೆ. ಕೊನೆಗೆ ಬೆಮರ್ತನ್ ಬರುವಷ್ಟರಲ್ಲಿ ಯಾರೂ ನಗುತ್ತಿರುವುದಿಲ್ಲ. ರನ್ನ ಅಲ್ಲಿ ಒಂದಕ್ಷರ ಹಿಂಜರಿದಿದ್ದರೂ ನನ್ನ ಕ್ಲಾಸು ಹಾಳಾಗುತ್ತಿತ್ತು.

ಬಾಲ್ಕನಿ ಟಿಕೆಟ್:

ಮೇಷ್ಟ್ರೇ, ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ನಾನು ಕನ್ನಡದಲ್ಲಿ ಪಾಸಾಗುತ್ತಿದ್ದೆ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ರನ್ನನ ಹೆಸರು ಉಳಿಯಿತು. ಆ ಕಾಲದಲ್ಲಿ ರನ್ನನನ್ನು ನೋಡಿ ಬರೆದ ನೂರು ಜನರ ಹೆಸರು ಎಲ್ಲಿ?

ಹಳೆಗನ್ನಡ ಮೇಷ್ಟ್ರು:

ಅವರ ಓಲೆಗರಿಗೆ ಗೆದ್ದಲು ಹತ್ತಿತು. ಒಟಿಟಿ ಇರಲಿಲ್ಲ ನೋಡಿ.

ರೀಲ್ ಡಬ್ಬ:

ಯಾರೂ ಅಣ್ಣಾವ್ರ ಹೆಸರೇ ಎತ್ತಲಿಲ್ಲವಲ್ಲ! 1968ರಲ್ಲಿ ದೊರೈ ಭಗವಾನ್ ಜೇಡರ ಬಲೆ ಮಾಡಿದರು. ಅಣ್ಣಾವ್ರು ಅದರಲ್ಲಿ ಸಿಐಡಿ 999 ಅನ್ನುವ ಗೂಢಚಾರ. ಅದೇ ವರ್ಷ ಗೋವಾದಲ್ಲಿ ಸಿಐಡಿ 999, ಮರುವರ್ಷ ಆಪರೇಷನ್ ಜಾಕ್‌ಪಾಟ್, ಆಮೇಲೆ 1978ರಲ್ಲಿ ಆಪರೇಷನ್ ಡೈಮಂಡ್ ರಾಕೆಟ್. ಜೇಮ್ಸ್ ಬಾಂಡ್ ಸಿನಿಮಾದ ಕ್ಯಾಂಟೀನ್ ಖರ್ಚಿನಲ್ಲಿ ನಮ್ಮವರು ಇಡೀ ಸಿನಿಮಾ ಮುಗಿಸುತ್ತಿದ್ದರೋ ಏನೋ. ಬಲ್ಬು ಮಿಣುಕುವ ಡಬ್ಬಗಳು, ಗೋಡೆ ಜರುಗಿದರೆ ಒಳಗೊಂದು ಅಡ್ಡಾ, ಹಿಂದೆ ಜಿ.ಕೆ. ವೆಂಕಟೇಶ್ ಸಂಗೀತ.

ಡೈಮಂಡ್ ರಾಕೆಟ್‌ನ ಇಫ್ ಯು ಕಮ್ ಟುಡೇ ಹಾಡು ನೆನಪು ಮಾಡಿಕೊಳ್ಳಿ. ಇಂಗ್ಲಿಷ್ ಹಾಡು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದ ಮನುಷ್ಯ ಅದನ್ನು ತಾವೇ ಹಾಡಿದ್ದಾರೆ. ಇವತ್ತು ಬಂದರೆ ಬೇಗ ಆಯಿತು, ನಾಳೆ ಬಂದರೆ ತಡ ಆಯಿತು, ಅಂದರೆ ನಾನು ಯಾವಾಗ ಬರಲಿ ಗುರುಗಳೇ? ಆಮೇಲೆ ಟಿಕ್ ಟಿಕ್ ಟಿಕ್. ಇಂಟರ್ನೆಟ್ ಬಂದ ಮೇಲೆ ಕನ್ನಡ ಬಾರದವರೂ ಇದನ್ನು ಹಂಚಿಕೊಂಡು ಹೊಟ್ಟೆ ಹಿಡಿದು ನಕ್ಕರು. ನಗಲಿ. ಆದರೆ ಅಣ್ಣಾವ್ರ ಮುಖ ನೋಡಿ. ಒಂದು ಕಡೆಯೂ "ಏನೋ ಹಾಡ್ತಾ ಇದೀನಿ, ಸುಮ್ನೆ" ಅನ್ನುವ ಭಾವ ಇಲ್ಲ. ಮಯೂರನ ಡೈಲಾಗ್ ಹೇಳುವಾಗ ಎಷ್ಟು ಶ್ರದ್ಧೆಯೋ ಇಲ್ಲೂ ಅಷ್ಟೇ ಶ್ರದ್ಧೆ. ನಗಲು ಶುರು ಮಾಡಿದವರೂ ಕೊನೆಗೆ ಆ ಟ್ಯೂನ್ ಗುನುಗುತ್ತಾ ಏಳುತ್ತಾರೆ.

ಎಡಗಡೆಯಿಂದ ಮೂರನೆಯವನು:

ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನು ಎಂಟು ವರ್ಷ ಸಿನಿಮಾದಲ್ಲಿ ಫೈಟರ್ ಆಗಿದ್ದೆ, ಹೀರೊ ಕೈಯಲ್ಲಿ ಹೊಡೆತ ತಿನ್ನುವವನು. ಈಗ ಬಿಟ್ಟಿದ್ದೇನೆ, ಬೇರೆ ಕೆಲಸ. ಹೆಸರು ಕೇಳಬೇಡಿ, ಹೇಳಿದರೂ ಗೊತ್ತಾಗುವುದಿಲ್ಲ.

ಹೊಡೆತ ಅನ್ನುವುದು ಹೀರೊ ಕೈಯಲ್ಲಿ ಇಲ್ಲ. ಹೊಡೆತ ಇರುವುದು ತಿನ್ನುವವನಲ್ಲಿ. ಹೀರೊ ಮುಷ್ಟಿ ನನ್ನ ಗಲ್ಲದಿಂದ ಅರ್ಧ ಅಡಿ ದೂರ ಹೋಗುತ್ತದೆ. ಕ್ಯಾಮೆರಾ ಇಡುವ ಕೋನದಿಂದ ಅದು ತಾಗಿದ ಹಾಗೆ ಕಾಣುತ್ತದೆ. ಆದರೆ ನನ್ನ ಕತ್ತು ಸರಿಯಾದ ಹೊತ್ತಿಗೆ ತಿರುಗದಿದ್ದರೆ ಅದು ಸೊಳ್ಳೆ ಓಡಿಸಿದ ಹಾಗಿರುತ್ತದೆ. ಶೂಟ್ ಮಾಡುವಾಗ ಫ್ರೇಮ್ ಸ್ವಲ್ಪ ಕಡಿಮೆ ಇಡುತ್ತಾರೆ, 24 ಬದಲು 22 ಹೀಗೆ. ಪರದೆಯ ಮೇಲೆ ಒಂಚೂರು ವೇಗ ಬರುತ್ತದೆ. ಒದೆ ಬಿದ್ದಾಗ ಎದೆಯಿಂದ ಧೂಳು ಏಳುತ್ತದಲ್ಲ, ಅದಕ್ಕೆ ಶರ್ಟಿಗೆ ಮೊದಲೇ ಪುಡಿ ಹಾಕಿರುತ್ತಾರೆ. ಬಾಯಿಗೆ ಹೋದರೆ ಇಡೀ ದಿನ ಮಣ್ಣಿನ ರುಚಿ.

ರೋಪ್ ಶಾಟ್ ಅಂದರೆ ಶರ್ಟಿನೊಳಗೆ ಬೆಲ್ಟು. ತೊಡೆಸಂದಿ, ಸೊಂಟ, ಭುಜ, ಮೂರೂ ಕಡೆ ಬಿಗಿಯುತ್ತಾರೆ. ಹಿಂದೆ ನಾಲ್ಕೈದು ಜನ ಹಗ್ಗ ಹಿಡಿದಿರುತ್ತಾರೆ. ಫೈಟ್ ಮಾಸ್ಟರ್ ಎಣಿಸುತ್ತಾರೆ. ಮೂರು ಅಂದ ತಕ್ಷಣ ಅವರು ಎಳೆಯಬೇಕು, ನಾನು ಹಾರಬೇಕು. ಅವರು ಒಂದು ಚಿಟಿಕೆ ಮೊದಲು ಎಳೆದರೆ ನನ್ನ ತಲೆ ಹಿಂದಕ್ಕೆ ಜಗ್ಗುತ್ತದೆ, ತಡ ಆದರೆ ನಾನು ಕಪ್ಪೆ ಹಾಗೆ ಕಾಣುತ್ತೇನೆ. ನೀವು "ಗ್ರಾವಿಟಿ ಎಲ್ಲಿ ಗುರೂ" ಅಂತ ನಗುವ ಶಾಟಿನಲ್ಲಿ ನಮಗೆ ಗ್ರಾವಿಟಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಒಂದು ಸಿನಿಮಾದಲ್ಲಿ ಬೆಡ್ ಹಾಕಿದ ಜಾಗ ಬಿಟ್ಟು ಆಚೆ ಬಿದ್ದೆ, ಹೆಗಲ ಮೂಳೆ ಹೋಯಿತು. ಆಸ್ಪತ್ರೆ ಬಿಲ್ಲಿಗೆ ಅರ್ಧ ದುಡ್ಡು ಬಂತು, ಇನ್ನರ್ಧ ಇವತ್ತಿಗೂ ಬಂದಿಲ್ಲ. ಅದು ಬೇರೆ ಕಥೆ, ಬಿಡಿ.

ನಾನು ಹೇಳಬೇಕಾದ್ದು ಇದು. ಅಷ್ಟು ಮಾಡಿ ನಾನು ಬಿದ್ದ ಮೇಲೆ ಹೀರೊ ಕ್ಯಾಮೆರಾ ಕಡೆ ನೋಡಿ ಹಲ್ಲು ಬಿಟ್ಟರೆ ನನ್ನ ಬೀಳುವಿಕೆ ವೇಸ್ಟ್. ಥಿಯೇಟರಿನಲ್ಲಿ ಅಂಥ ಸೀನ್ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಇವನು ನಿಜವಾಗಲೂ ಹೊಡೆದ ಅಂತ ತೋರಿಸೋಕೆ ನಾವು ಮೂವತ್ತು ಜನ ಬೆಳಗ್ಗೆ ಆರಕ್ಕೆ ಬಂದು ನಿಂತಿರುತ್ತೇವೆ. ಅವನೇ "ಹೊಡೆದಿಲ್ಲ, ಸುಮ್ನೆ" ಅಂದರೆ ಹೇಗೆ?

ಬಾಲ್ಕನಿ ಟಿಕೆಟ್:

ಅಣ್ಣ, ಮೊದಲು ಒಂದು ನಮಸ್ಕಾರ. ನಾನು ಎಷ್ಟೋ ಸಲ ಗ್ರಾವಿಟಿ ಜೋಕ್ ಮಾಡಿದ್ದೇನೆ, ತಪ್ಪಾಯಿತು.

ಆದರೆ ನಿಮ್ಮ ಮಾತಿನಿಂದಲೇ ನನ್ನ ವಾದ ಇನ್ನೂ ಗಟ್ಟಿಯಾಗುತ್ತದೆ. 2016ರ ನವೆಂಬರ್ 7 ನಿಮಗೆ ಮರೆತಿರಲಿಕ್ಕಿಲ್ಲ. ಮಾಸ್ತಿ ಗುಡಿ ಶೂಟಿಂಗ್, ತಿಪ್ಪಗೊಂಡನಹಳ್ಳಿ ಜಲಾಶಯ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ಇಬ್ಬರು ಮುಳುಗಿ ಸತ್ತರು. ತಮಗೆ ಈಜು ಅಷ್ಟಾಗಿ ಬರುವುದಿಲ್ಲ ಅಂತ ಅವರೇ ಟಿವಿಯವರ ಹತ್ತಿರ ಮೊದಲೇ ಹೇಳಿದ್ದರು. ನಾನು ಆ ಕ್ಲಿಪ್ ನೋಡಿ ಅವತ್ತು ಊಟ ಮಾಡಲಿಲ್ಲ. ಎಲ್ಲವೂ ರಿಯಲ್ ಆಗಿ ಕಾಣಬೇಕು ಅನ್ನುವ ಹಟದ ಕೊನೆ ಅದು. ಅದಕ್ಕಿಂತ ಗ್ರಾಫಿಕ್ಸ್ ಹಾಕಿ, ಎಲ್ಲರೂ ನಕ್ಕು, ಎಲ್ಲರೂ ಸಂಜೆ ಮನೆಗೆ ಹೋಗಲಿ.

ಎಡಗಡೆಯಿಂದ ಮೂರನೆಯವನು:

ಅವರಲ್ಲಿ ಒಬ್ಬರ ಜೊತೆ ಕೆಲಸ ಮಾಡಿದ್ದೆ. ಆ ವಿಷಯದಲ್ಲಿ ನನಗೆ ವಾದ ಇಲ್ಲ.

ಒಂದು ತಿದ್ದುತ್ತೇನೆ ಅಷ್ಟೇ. ನಂಬಿಸುವುದು ಬೇರೆ, ನಿಜವಾಗಲೂ ಮಾಡುವುದು ಬೇರೆ. ನಮ್ಮ ಕಸುಬು ನಂಬಿಸುವುದು. ಒಳ್ಳೇ ಮಾಸ್ಟರ್ ಆದವನು ಆರು ಅಡಿಯಿಂದ ಹಾರಿಸಿ ಅರವತ್ತು ಅಡಿ ಅಂತ ತೋರಿಸುತ್ತಾನೆ.

ಸ್ಯಾನ್ ಹೊಸೆ ಅಕ್ಕ:

ಹೊರಗಿನ ಮಾತೂ ಸ್ವಲ್ಪ ಇರಲಿ. 2022ರಲ್ಲಿ ಆರ್‌ಆರ್‌ಆರ್ ಇಲ್ಲಿ ಎರಡನೇ ಸಲ ಥಿಯೇಟರಿಗೆ ಬಂದಾಗ ಆಫೀಸಿನ ಮೂರು ಜನರನ್ನು ಕರೆದುಕೊಂಡು ಹೋಗಿದ್ದೆ. ಯಾರಿಗೂ ತೆಲುಗೂ ಗೊತ್ತಿಲ್ಲ, ರಾಜಮೌಳಿಯೂ ಗೊತ್ತಿಲ್ಲ. ಸೇತುವೆ ಸೀನ್ ಬಂತು. ಕೆಳಗೆ ನದಿಯಲ್ಲಿ ಬೆಂಕಿ, ನಡುವೆ ಸಿಕ್ಕಿಕೊಂಡ ಹುಡುಗ. ಒಬ್ಬ ಕುದುರೆ ಮೇಲೆ, ಒಬ್ಬ ಬೈಕ್ ಮೇಲೆ, ಒಂದೇ ಹಗ್ಗ ಕಟ್ಟಿಕೊಂಡು ಸೇತುವೆಯ ಆ ಕಡೆ ಈ ಕಡೆ ಹಾರುತ್ತಾರೆ. ಪಕ್ಕದವನು ನಗಲು ಶುರು ಮಾಡಿದ. ನನಗೆ ಮುಜುಗರ. ನಮ್ಮನ್ನು ನೋಡಿ ನಗುತ್ತಿದ್ದಾನಾ? ಸ್ವಲ್ಪ ಹೊತ್ತಿಗೆ ಅವರಿಬ್ಬರೂ ಗಾಳಿಯಲ್ಲೇ ಕೈ ಕೈ ಹಿಡಿದರು. ಆ ಮನುಷ್ಯ ಸೀಟಿನಿಂದ ಎದ್ದು ನಿಂತು ಚಪ್ಪಾಳೆ ಹೊಡೆದ. ಆಮೇಲೆ ಕಾರಿನಲ್ಲಿ ಅವನು ಹೇಳಿದ್ದು, ನಮ್ಮ ಕಡೆಯ ಸಿನಿಮಾದವರಿಗೆ ಈಗ ಹೀಗೆ ಮಾಡಲು ನಾಚಿಕೆ ಅಂತ.

ಅವನು ಹೇಳಿದ್ದು ಸುಳ್ಳಲ್ಲ. ಫಾಸ್ಟ್ ಅಂಡ್ ಫ್ಯೂರಿಯಸ್ ನೋಡಿ. 2011ರ ಐದನೇ ಭಾಗದಲ್ಲಿ ಎರಡು ಕಾರು ಸೇರಿ ಇಡೀ ತಿಜೋರಿಯನ್ನೇ ರಸ್ತೆಯಲ್ಲಿ ಎಳೆದುಕೊಂಡು ಹೋಗುತ್ತವೆ. ಸಾಧ್ಯವೇ ಇಲ್ಲ, ಆದರೆ ನಾನು ಕುರ್ಚಿ ಹಿಡಿದು ಕೂತಿದ್ದೆ. 2021ರ ಒಂಬತ್ತನೇ ಭಾಗದಲ್ಲಿ ಕಾರು ಅಂತರಿಕ್ಷಕ್ಕೇ ಹೋಗುತ್ತದೆ. ಅದರಲ್ಲಿ ರೋಮನ್ ಅನ್ನುವ ಪಾತ್ರ, ನಮಗೆ ಇಷ್ಟು ವರ್ಷ ಒಂದು ಗೀರೂ ಆಗಿಲ್ಲವಲ್ಲ, ನಾವು ಸಾಯುವುದೇ ಇಲ್ಲವೇನೋ ಅಂತ ತಮಾಷೆ ಮಾಡುತ್ತಾನೆ. ಆ ಮಾತು ಕೇಳಿದ ಮೇಲೆ ನನಗೆ ಯಾರ ಮೇಲೂ ಭಯ ಉಳಿಯಲಿಲ್ಲ. ಫೋನ್ ತೆಗೆದು ಮನೆಯಲ್ಲಿ ಹಾಲಿದೆಯಾ ಅಂತ ಮೆಸೇಜ್ ಮಾಡಿದೆ.

ತಮಾಷೆ ಸಿನಿಮಾದವರಿಗೂ ಈ ಗುಟ್ಟು ಗೊತ್ತು. 1980ರ ಏರ್‌ಪ್ಲೇನ್ ಅನ್ನುವ ಸಿನಿಮಾ ಇದೆ, ವಿಮಾನ ಸಿನಿಮಾಗಳ ಗೇಲಿ. ಮಾಡಿದವರು 1957ರ ಒಂದು ಗಂಭೀರ ಸಿನಿಮಾದ ಹಕ್ಕು ಕೊಂಡು ಅದರ ಕಥೆಯನ್ನೇ ಇಟ್ಟುಕೊಂಡರು. ಕಾಮಿಡಿ ನಟರ ಬದಲು ಲೆಸ್ಲಿ ನೀಲ್ಸನ್ ಥರದ ಗಂಭೀರ ನಟರನ್ನು ಹಾಕಿ ಒಬ್ಬರೂ ನಗದ ಹಾಗೆ ಮಾಡಿದರು. ನಗಿಸುವುದಕ್ಕೂ ಮುಖ ಗಂಟು ಹಾಕಲೇಬೇಕು.

ಸೈನೈಡ್ ದಿಬ್ಬ:

ಎಲ್ಲರೂ ಗಂಭೀರದ ಕಡೆ ವೋಟು ಹಾಕುತ್ತಿದ್ದೀರಿ. ನಾನು ಹಾಕುವುದಿಲ್ಲ. ನಾನು ಕೆಜಿಎಫ್‌ನವನು. ಸಿನಿಮಾದ್ದಲ್ಲ, ಕೋಲಾರದ ಚಿನ್ನದ ಗಣಿ ಊರಿನ ಕೆಜಿಎಫ್.

ತಾತ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದವರು. ಆ ಗಣಿ ಮೂರು ಕಿಲೋಮೀಟರಿಗಿಂತ ಆಳ. ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತಂತೆ. ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುತ್ತಿತ್ತು, ಮೇಲೆ ಮನೆಯಲ್ಲಿ ಪಾತ್ರೆ ಅದುರುತ್ತಿತ್ತು. ಪಾತ್ರೆ ಅದುರಿದರೆ ಅಜ್ಜಿ ಒಲೆ ಆರಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದರು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ನಮ್ಮವರು ತಮಿಳುನಾಡಿನಿಂದ, ಆಂಧ್ರದಿಂದ ಬಂದು ಇಲ್ಲಿ ಇಳಿದರು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಬಂದದ್ದು ನಮ್ಮ ಗಣಿಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇವತ್ತಿಗೂ ಬೆಳಗಿನ ರೈಲಿಗೆ ಅರ್ಧ ಊರು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತದೆ.

ಸಿನಿಮಾ ಬಂದ ಮೇಲೆ ಕಾರು ಮಾಡಿಕೊಂಡು ಜನ ಬರುತ್ತಾರೆ. ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬದ ಮೇಲೆ ನಿಂತು ರೀಲ್ಸ್ ಮಾಡುತ್ತಾರೆ. ಒಬ್ಬರು ನನ್ನನ್ನು ಕೇಳಿದರು, "ಗರುಡನ ಕೋಟೆ ಯಾವ ಕಡೆ?" ಗರುಡ ಅಂದರೆ ಸಿನಿಮಾದ ವಿಲನ್. ತಮಾಷೆಗೆ ಅಂದುಕೊಂಡೆ. ಅಲ್ಲ, ನಿಜವಾಗಲೂ ಕೇಳಿದ್ದು. ಇಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು ಅಂತ ನಂಬಿಕೊಂಡು ಬಂದಿದ್ದರು. ಇಲ್ಲಿ ಇದ್ದದ್ದು ಯೂನಿಯನ್ನು, ಕೂಲಿ, ಕೆಮ್ಮು. ಸಿನಿಮಾದವರು ಶುರುವಿನಲ್ಲೇ ಇದು ಕಲ್ಪನೆ ಅಂತ ಹಾಕಿದ್ದಾರೆ, ಒಪ್ಪುತ್ತೇನೆ. ಆದರೆ ಅಷ್ಟು ಮುಖ ಬಿಗಿದುಕೊಂಡು ಹೇಳಿದರೆ ಯಾರು ಆ ಬರಹ ಓದುತ್ತಾರೆ? ನಡುನಡುವೆ ಒಂಚೂರು ನಕ್ಕಿದ್ದರೆ ನಮ್ಮ ತಾತನ ಊರು ನಮ್ಮ ತಾತನಿಗೇ ಉಳಿಯುತ್ತಿತ್ತು.

ಮೂರನೇ ಸಾಲು:

ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಎರಡು ಸಲ ಟೈಪ್ ಮಾಡಿ ಅಳಿಸಿದೆ. ನಾನೂ ಮೊದಲ ಸಲ ನೋಡಿದಾಗ ಆ ಊರಿನಲ್ಲಿ ಯೂನಿಯನ್ ಇತ್ತು ಅಂತ ಯೋಚಿಸಿದವನಲ್ಲ.

ಒಂದು ಸಣ್ಣ ವ್ಯತ್ಯಾಸ ಹೇಳಬಹುದಾ? ಬಾಲ್ಕನಿಯವರು ಬೈದ ಗಡ್ಡದ ಸಿನಿಮಾಗಳಿಗೂ ಇದು ಸೇರುತ್ತದೆ. ಗಾಂಭೀರ್ಯ ಬೇರೆ, ಬಿಗುಮಾನ ಬೇರೆ. ಬಿಗುಮಾನದ ಸಿನಿಮಾ ಮೊದಲು ಹತ್ತು ಜನರ ಕೈಕಾಲು ಮುರಿಯುತ್ತದೆ, ಆಮೇಲೆ ರೈತರ ಬಗ್ಗೆ, ಕನ್ನಡದ ಬಗ್ಗೆ, ತಾಯಿಯ ಬಗ್ಗೆ ಎರಡು ಪುಟ ಭಾಷಣ ಬಿಗಿಯುತ್ತದೆ. ತಾನು ದೊಡ್ಡ ವಿಷಯ ಹೇಳುತ್ತಿದ್ದೇನೆ ಅನ್ನುವ ಜಂಬ. ನನಗೆ ಬೇಕಾದ ಗಾಂಭೀರ್ಯ ವಿಷಯದ್ದಲ್ಲ, ಹೊಡೆತದ್ದು. ಹೊಡೆತಕ್ಕೆ ತೂಕ ಇರಲಿ, ಬಿದ್ದವನಿಗೆ ನೋಯಲಿ, ಗನ್ನು ಕಾಯಲಿ. ಆ ಸಿಗರೇಟಿನ ಸೀನ್ ಯಾಕೆ ಹಿಡಿಯಿತು ಅಂದರೆ, ಅಷ್ಟು ಗುಂಡು ಹಾರಿಸಿದರೆ ಕಬ್ಬಿಣ ಕಾಯುತ್ತದೆ ಅನ್ನುವ ಒಂದು ನಿಜವನ್ನು ಅವರು ಬಿಡಲಿಲ್ಲ. ನೂರು ಸುಳ್ಳಿನ ನಡುವೆ ಒಂದು ನಿಜ.

ಕತ್ತರಿ:

ಸೈನೈಡ್ ದಿಬ್ಬದವರ ಮಾತಿಗೆ ಪೂರ್ತಿ ಉತ್ತರ ಅಲ್ಲ, ಆದರೆ ಆ ಸಿನಿಮಾದ ಒಂದು ಉಪಾಯ ಯಾರೂ ಹೇಳಲಿಲ್ಲ. ಕಥೆ ಹೇಳುತ್ತಿರುವುದು ಯಾರು? ಸಿನಿಮಾ ಅಲ್ಲ. ಮೊದಲ ಭಾಗದಲ್ಲಿ ಅನಂತ್ ನಾಗ್ ಮಾಡಿದ ಆನಂದ್ ಇಂಗಳಗಿ ಅನ್ನುವ ಹಳೇ ಪತ್ರಕರ್ತ. ಎದುರಿಗೆ ಮಾಳವಿಕಾ ಅವಿನಾಶ್ ಕೂತು ಕೇಳುತ್ತಾರೆ, ಟಿವಿ ಚಾನೆಲ್ಲಿನವರು. ಅವರ ಮುಖದಲ್ಲಿ ಇದೆಲ್ಲಾ ನಿಜವಾ ಅನ್ನುವ ಅನುಮಾನ ಆಗಾಗ ಬಂದು ಹೋಗುತ್ತದೆ. ಎರಡನೇ ಭಾಗದಲ್ಲಿ ಆ ಕುರ್ಚಿಗೆ ಮಗ ಬರುತ್ತಾನೆ, ಪ್ರಕಾಶ್ ರಾಜ್. ಅಂದರೆ ನಾವು ನೋಡುತ್ತಿರುವುದು ರಾಕಿಯನ್ನಲ್ಲ, ರಾಕಿಯ ಬಗ್ಗೆ ಬೆರಗಾದ ಒಬ್ಬ ಮುದುಕ ಹೇಳುವ ರಾಕಿಯನ್ನು. ಹರಿಕಥೆ ದಾಸರ ಹನುಮಂತ ಸಮುದ್ರ ಹಾರಿದ ಹಾಗೆ.

ನಂಬದವರನ್ನು ನಿರ್ದೇಶಕ ಪ್ರಶಾಂತ್ ನೀಲ್ ಆಚೆ ಕಳಿಸಲಿಲ್ಲ, ಒಳಗೇ ಒಂದು ಕುರ್ಚಿ ಹಾಕಿ ಕೂರಿಸಿದರು. ಆ ಕುರ್ಚಿಯೇ ಹಾಸ್ಯಗಾರನ ಜಾಗ, ಚೌಕಿಮನೆಯವರ ಲೆಕ್ಕದಲ್ಲಿ. ಜೋಕ್ ಇಲ್ಲ ಅಷ್ಟೇ. ಕಾಪಿ ಹೊಡೆದವರು ಹಿನ್ನೆಲೆ ದನಿ ತೆಗೆದುಕೊಂಡರು, ಎದುರಿಗೆ ಕೂತು ಅನುಮಾನಿಸುವವಳನ್ನು ಬಿಟ್ಟರು. ಬಾಲ್ಕನಿಯವರಿಗೆ ಸಾವಿನ ಮನೆ ಅನ್ನಿಸಿದ್ದು ಅದಕ್ಕೇ ಇರಬೇಕು.

ಚೌಕಿಮನೆ:

ಭಾಗವತ ಪದ ಹೇಳಿದ ಮೇಲೆಯೇ ಅಲ್ವಾ ವೇಷ ಕುಣಿಯುವುದು. ಸರಿಯಾಗಿ ಹೇಳಿದಿರಿ.

ಸೈನೈಡ್ ದಿಬ್ಬ:

ಕತ್ತರಿಯವರೇ, ಮುಂದಿನ ಸಲ ಕೋಟೆ ಕೇಳಿಕೊಂಡು ಬಂದವರಿಗೆ ಇದನ್ನೇ ಹೇಳುತ್ತೇನೆ. ಮುದುಕ ಸುಳ್ಳು ಹೇಳಿದ, ಹೋಗಿ ಅಂತ.

ಬಾಲ್ಕನಿ ಟಿಕೆಟ್:

ಸರಿ, ನಾನು ಅರ್ಧ ಸೋತೆ. ಇನ್ನರ್ಧ ಶ್ರೀಮನ್ನಾರಾಯಣನ ಜೊತೆಗೇ ಇರುತ್ತೇನೆ. ಅಲ್ಲಿ ನಾರಾಯಣ ಒಬ್ಬ ನಗುತ್ತಾನೆ, ಆದರೆ ಅವನ ಸುತ್ತ ಇರುವ ಕಳ್ಳರಿಗೆ ಆ ನಿಧಿ ಜೀವದ ಪ್ರಶ್ನೆ. ಅವರೂ ನಕ್ಕಿದ್ದರೆ ಕೆಡುತ್ತಿತ್ತು ಅಂತ ಈಗ ಅನ್ನಿಸುತ್ತಿದೆ. ಇದನ್ನು ಯಾರೂ ಸ್ಕ್ರೀನ್‌ಶಾಟ್ ತೆಗೆಯಬೇಡಿ.

ಎಡಗಡೆಯಿಂದ ಮೂರನೆಯವನೇ, ಅಣ್ಣ, ನಿಮ್ಮನ್ನು ಎಲ್ಲಿ ನೋಡಬಹುದು ಅದನ್ನಾದರೂ ಹೇಳಿ. ಇಲ್ಲಿ ಸಿನಿಮಾ ಹೆಸರು ಹಾಕಬೇಡಿ, ಬೇಕಾದರೆ ಮೆಸೇಜ್ ಮಾಡಿ.

ಎಡಗಡೆಯಿಂದ ಮೂರನೆಯವನು:

ನಿಮಗೂ ಮೂರನೇ ಸಾಲಿನವರಿಗೂ ಕಳಿಸಿದ್ದೇನೆ. ಸಂತೆ ಫೈಟು. ಟೊಮೆಟೊ ಗಾಡಿ ಮೇಲೆ ಬೀಳುವವನು ನಾನು, ನೀಲಿ ಚೆಕ್ಸ್ ಶರ್ಟು. ಅವತ್ತು ಇಬ್ಬರು ಬಂದಿರಲಿಲ್ಲ. ಮಾಸ್ಟರ್ ನನ್ನನ್ನೇ ಎಬ್ಬಿಸಿ ಹಿಂದಿನಿಂದ ಮತ್ತೆ ಓಡಿ ಬಾ ಅಂದರು. ಒಂದೇ ಫೈಟಿನಲ್ಲಿ ಎರಡು ಸಲ ಸತ್ತಿದ್ದೇನೆ. ಇವತ್ತಿನವರೆಗೂ ಯಾರೂ ಹಿಡಿದಿಲ್ಲ.

ಮೂರನೇ ಸಾಲು:

ಈಗ ನೋಡಿದೆ. ಅಕ್ಕನ ಮಗನೂ ಜೊತೆಗಿದ್ದ, ಅವನೇ ನಿಲ್ಲಿಸಿ ನಿಲ್ಲಿಸಿ ಹುಡುಕಿದ್ದು. ಎರಡನೇ ಸಲ ಓಡಿ ಬರುವಾಗ ನಿಮ್ಮ ಶರ್ಟಿನ ಮೇಲಿನ ಗುಂಡಿ ಇಲ್ಲ.

ಎಡಗಡೆಯಿಂದ ಮೂರನೆಯವನು:

ಮೊದಲನೇ ಸಲ ಸತ್ತಾಗ ಕಿತ್ತು ಹೋಯಿತು. ಟೊಮೆಟೊ ಕೆಳಗೆ ಹುಡುಕಿದೆ, ಸಿಗಲಿಲ್ಲ.